ಹತ್ತು ಹೊಲದಲ್ಲಿ ಹೊಸ ರಾಗಿ ತಳಿ ತೋರಿಸಬೇಕು: ಅಳತೆ ಹೇಗೆ, ಬೇರೆ ಊರಿಗೆ ತಲುಪಿಸೋದು ಹೇಗೆ?

ಕೊರಟಗೆರೆ_ಎಫ್‌ಪಿಒ ಕೇಳಿದ್ದು:

ಕೊರಟಗೆರೆ ತಾಲ್ಲೂಕಿನ ಒಂದು ರೈತ ಉತ್ಪಾದಕ ಕಂಪನಿ (ಎಫ್‌ಪಿಒ) ಪರವಾಗಿ ಕೇಳ್ತಿದ್ದೀನಿ. ನಮ್ಮ ಸದಸ್ಯರಲ್ಲಿ ಬಹುಪಾಲು ಜನ ಮಳೆ ನಂಬಿ ಜಿಪಿಯು-28 ರಾಗಿ ಹಾಕೋರು. ಮುಂದಿನ ಮುಂಗಾರಿಗೆ ಹತ್ತು ಜನರ ಹೊಲದಲ್ಲಿ ಎಂಎಲ್-365 ಅನ್ನೋ ತಳಿ ಹಾಕಿ ಪಕ್ಕಪಕ್ಕದಲ್ಲೇ ತೋರಿಸೋಣ ಅಂತ ಯೋಚನೆ. ಕೆಂಪು ಮಣ್ಣು, ಇಳಿಜಾರು ಹೊಲ, ಇಬ್ಬರಿಗೆ ಬಿಟ್ಟರೆ ಯಾರಿಗೂ ಬೋರ್ ಇಲ್ಲ.

ಪ್ರಶ್ನೆಗಳು ಇಷ್ಟು. ಒಬ್ಬೊಬ್ಬರ ಹೊಲದಲ್ಲಿ ಎಷ್ಟು ಜಾಗ ಬೇಕು? ಏನೇನು ಬರೆದಿಡಬೇಕು? ಇದರ ಜೊತೆಗೇ ಗುಳಿ ಪದ್ಧತಿಯನ್ನೂ (ಬಿತ್ತೋ ಬದಲು ದೂರ ದೂರ ಗುಳಿ ಮಾಡಿ ಪೈರು ನೆಡೋದು) ತೋರಿಸಿಬಿಡಬಹುದಾ? ಕೊನೆಗೆ ಬಂದ ಫಲಿತಾಂಶವನ್ನು ಸುತ್ತಲಿನ ಊರುಗಳಿಗೆ ತಲುಪಿಸೋದು ಹೇಗೆ? ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿದ್ರೆ ಎಲ್ಲರೂ ಹೆಬ್ಬೆಟ್ಟು ಎತ್ತಿ ಸುಮ್ಮನಾಗ್ತಾರೆ, ಬಿತ್ತೋದು ಮಾತ್ರ ಹಳೇದನ್ನೇ.

---

ಕೆಂಪುಮಣ್ಣು:

ಮೊದಲು ಒಂದು ವಿಷಯ ತೀರ್ಮಾನ ಮಾಡ್ಕೊಳ್ಳಿ ಸಾರ್: ಇದು ಪರೀಕ್ಷೆಯೋ, ಪ್ರದರ್ಶನವೋ? ಕೃಷಿ ವಿಜ್ಞಾನ ಕೇಂದ್ರದವರು (ಕೆವಿಕೆ) ಇವೆರಡನ್ನೂ ಬೇರೆ ಬೇರೆ ಮಾಡ್ತಾರೆ. ನಮ್ಮೂರಿಗೆ ಹೊಂದುತ್ತಾ ಅಂತ ನೋಡೋದು ಕ್ಷೇತ್ರ ಪ್ರಯೋಗ. ಹೊಂದುತ್ತೆ ಅಂತ ಗೊತ್ತಾದದ್ದನ್ನ ದೊಡ್ಡ ತಾಕಿನಲ್ಲಿ ತೋರಿಸೋದು ಮುಂಚೂಣಿ ಪ್ರಾತ್ಯಕ್ಷಿಕೆ. ನಿಮ್ಮದು ಮೊದಲನೇ ಜಾತಿ. ಹಾಗಾಗಿ "ಹೊಸ ತಳಿ ಬಂತು, ಇಳುವರಿ ಹೆಚ್ಚು" ಅಂತ ಬ್ಯಾನರ್ ಮೊದಲೇ ಹಾಕಬೇಡಿ. ಸೋತ್ರೆ ಎಫ್‌ಪಿಒ ಮಾತಿಗೆ ಮುಂದಿನ ವರ್ಷ ಬೆಲೆ ಇರಲ್ಲ.

ಜಾಗ: ಒಬ್ಬೊಬ್ಬರ ಹೊಲದಲ್ಲಿ 20 ಗುಂಟೆ. 10 ಗುಂಟೆ ಹೊಸದು, 10 ಗುಂಟೆ ಅವರದ್ದೇ ಹಳೇದು. ಇದಕ್ಕಿಂತ ಸಣ್ಣದು ಮಾಡಿದ್ರೆ "ತೋಟದ ಮಡಿ ಥರ ಸಾಕಿದ್ದಾರೆ" ಅಂತಾರೆ, ದೊಡ್ಡದು ಮಾಡಿದ್ರೆ ಅಷ್ಟಗಲದ ಮಣ್ಣು ಒಂದೇ ಥರ ಸಿಗಲ್ಲ.

ಎಲ್ಲಿ ಹಾಕ್ತೀರಿ ಅನ್ನೋದರಲ್ಲೇ ಅರ್ಧ ಕೆಲಸ ಇದೆ. ಇಳಿಜಾರು ಹೊಲದಲ್ಲಿ ಕೆಳಗಿನ ಬದುವಿನ ಹತ್ತಿರ ಗೋಡು ಮಣ್ಣು ಬಂದು ನಿಂತಿರುತ್ತೆ, ತೇವವೂ ಅಲ್ಲೇ ಜಾಸ್ತಿ. ಹಳೇದನ್ನ ಮೇಲೆ, ಹೊಸದನ್ನ ಕೆಳಗೆ ಹಾಕಿದ್ರೆ ಗೆದ್ದದ್ದು ತಳಿಯಲ್ಲ, ಜಾಗ. ಅದಕ್ಕೇ ಎರಡು ಭಾಗದ ನಡುವಿನ ಗೆರೆ ಮೇಲಿನ ಬದುವಿನಿಂದ ಕೆಳಗಿನ ಬದುವಿಗೆ ಇಳೀಬೇಕು. ಬಿತ್ತನೆ ಮಾತ್ರ ಇಳಿಜಾರಿಗೆ ಅಡ್ಡಲಾಗೇ ಆಗಬೇಕು. ಸಾಲು ಗೆರೆ ಮುಟ್ಟಿದ ಕಡೆ ಕೂರಿಗೆ ಎತ್ತಿ ತಿರುಗಿಸಬೇಕಾಗುತ್ತೆ, ಬಿತ್ತೋರು ಗೊಣಗ್ತಾರೆ, ಗೊಣಗಲಿ. ಎಡಕ್ಕೆ ಹೊಸದೋ ಬಲಕ್ಕೆ ಹೊಸದೋ ಅನ್ನೋದನ್ನ ರೈತರ ಮುಂದೆಯೇ ನಾಣ್ಯ ಚಿಮ್ಮಿ ತೀರ್ಮಾನಿಸಿ. ಇಲ್ಲದಿದ್ರೆ ಒಳ್ಳೇ ಪಕ್ಕ ಹೊಸ ಬೀಜಕ್ಕೇ ಹೋಗುತ್ತೆ.

ಬಿಡಬೇಕಾದ ಜಾಗಗಳು: ತಿಪ್ಪೆ ಇದ್ದ ಕಡೆ, ಕುರಿ ಮಂದೆ ಕೂರಿಸಿದ್ದ ಕಡೆ, ಹೊಂಗೆ ಬೇವಿನ ನೆರಳು ಬೀಳೋ ಕಡೆ, ಹೋದ ವರ್ಷ ಒಂದು ಪಕ್ಕ ಶೇಂಗಾ ಇನ್ನೊಂದು ಪಕ್ಕ ರಾಗಿ ಇದ್ದ ಹೊಲ. ಮಂದೆ ಕೂರಿಸಿದ್ದರ ಗುರುತು ಎರಡು ವರ್ಷ ಆದ್ರೂ ಬೆಳೆಯಲ್ಲಿ ಕಾಣುತ್ತೆ, ಅದನ್ನ ಕೇಳೇ ತಿಳ್ಕೋಬೇಕು, ನೋಡಿದ್ರೆ ಗೊತ್ತಾಗಲ್ಲ.

ಗೊಬ್ಬರ ಎರಡಕ್ಕೂ ಒಂದೇ ಲೆಕ್ಕ. ಮಳೆಯಾಶ್ರಿತ ರಾಗಿಗೆ ಶಿಫಾರಸು ಎಕರೆಗೆ 20 ಕೆಜಿ ಸಾರಜನಕ, 16 ಕೆಜಿ ರಂಜಕ, 15 ಕೆಜಿ ಪೊಟ್ಯಾಷ್. ಗುಂಟೆಗೆ ಇಳಿಸಿದ್ರೆ ಡಿಎಪಿ 870 ಗ್ರಾಂ, ಪೊಟ್ಯಾಷ್ 625 ಗ್ರಾಂ, ಯೂರಿಯಾ 745 ಗ್ರಾಂ. ಯೂರಿಯಾದಲ್ಲಿ 200 ಗ್ರಾಂ ಬಿತ್ತುವಾಗ ಕೊಡಿ (ಡಿಎಪಿಯಲ್ಲಿ ಬರೋ ಸಾರಜನಕ ಸೇರಿ ಅರ್ಧ ಆಯ್ತು), ಉಳಿದ 545 ಗ್ರಾಂ ತಿಂಗಳ ಹೊತ್ತಿಗೆ ಕಳೆ ತೆಗೆದ ಮೇಲೆ, ಮಳೆ ಬಿದ್ದು ನೆಲ ಹಸಿ ಇರುವಾಗ. 10 ಗುಂಟೆಗೆ ಹತ್ತರಿಂದ ಗುಣಿಸಿ ಎರಡು ಚೀಲ ಬೇರೆ ಬೇರೆ ಕಟ್ಟಿಕೊಡಿ. ಒಂದೇ ಮೂಟೆ ಕೊಟ್ಟರೆ "ಹೊಸದಕ್ಕೆ ಸ್ವಲ್ಪ ಜಾಸ್ತಿ ಇರಲಿ" ಅಂತ ಕೈ ತಾನಾಗೇ ಧಾರಾಳ ಆಗುತ್ತೆ.

ಇನ್ನು ಯಾರ ಹೊಲ? ಬೋರ್ ಇರೋ ಆ ಇಬ್ಬರನ್ನ ಈ ಹತ್ತರಲ್ಲಿ ಸೇರಿಸಬೇಡಿ. ಸಭೆಯಲ್ಲಿ ಮುಂದಿನ ಸಾಲಲ್ಲಿ ಕೂರೋ ಪ್ರಗತಿಪರ ರೈತರ ಹೊಲದಲ್ಲಿ ಎಷ್ಟೇ ಚೆನ್ನಾಗಿ ಬಂದ್ರೂ ಪಕ್ಕದೋರು ಹೇಳೋದು ಒಂದೇ: "ಅವ್ರಿಗೇನಪ್ಪ, ನೀರಿದೆ".

---

ಬಿತ್ತನೆ_ಚೀಲ:

ಮೇಲಿನವರು ಬೀಜದ ವಿಷಯ ಬಿಟ್ಟಿದ್ದಾರೆ, ಎಡವಟ್ಟಾಗೋದು ಅಲ್ಲೇ. ಹೊಸ ತಳಿಗೆ ಈ ವರ್ಷದ ಪ್ರಮಾಣಿತ ಬೀಜ ತಂದು, ಹಳೇದಕ್ಕೆ ಮನೆಯ ಮೂಟೆಯಿಂದ ಐದಾರು ವರ್ಷ ತಿರುಗಿದ ಕಲಬೆರಕೆ ಜಿಪಿಯು-28 ಹಾಕಿದ್ರೆ ನೀವು ಹೋಲಿಸಿದ್ದು ತಳಿಯನ್ನಲ್ಲ, ಹೊಸ ಬೀಜ ಮತ್ತು ಹಳೇ ಬೀಜವನ್ನ. ಜಿಪಿಯು-28ರ ಪ್ರಮಾಣಿತ ಬೀಜವನ್ನೂ ತಂದು ಎರಡೂ ಕಡೆ ಹೊಸ ಬೀಜವನ್ನೇ ಹಾಕಿ. ಮನೆ ಬೀಜವನ್ನೂ ನೋಡಬೇಕು ಅನ್ನಿಸಿದ್ರೆ ಪಕ್ಕದಲ್ಲಿ ಮೂರನೇ ಪಟ್ಟೆ ಮಾಡಿ. ಎಷ್ಟೋ ಕಡೆ ಆ ಮೂರನೇ ಪಟ್ಟೆಯೇ ದೊಡ್ಡ ಪಾಠ ಕಲಿಸುತ್ತೆ, ತಳಿ ಬದಲಾಯಿಸೋದೇ ಬೇಡ, ಬೀಜ ಬದಲಾಯಿಸಿದ್ರೆ ಸಾಕು ಅಂತ.

ಚೀಟಿಯ ಬಣ್ಣ ನೋಡಿ ತಗೊಳ್ಳಿ. ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ. ತಿಳಿ ಹಸಿರಿನದ್ದು ಉತ್ಪಾದಕರು ತಾವೇ ಬರೆದು ಹೊಣೆ ಹೊತ್ತ ಬೀಜ. ವಿಚಾರಿಸಬೇಕಾದ ಜಾಗ ರೈತ ಸಂಪರ್ಕ ಕೇಂದ್ರ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಬೀಜ ಘಟಕ, ಇಲ್ಲವೇ ಕೆವಿಕೆ. ತುಮಕೂರು ಜಿಲ್ಲೆಯಲ್ಲಿ ಎರಡು ಕೆವಿಕೆ ಇವೆ, ಹಿರೇಹಳ್ಳಿ ಮತ್ತು ತಿಪಟೂರಿನ ಕೊನೇಹಳ್ಳಿ. ಕೊರಟಗೆರೆಗೆ ಹಿರೇಹಳ್ಳಿ ಹತ್ತಿರ. ಬಿತ್ತೋ ವಾರ ಹೋಗಿ ಕೇಳಿದ್ರೆ ಸಿಗಲ್ಲ, ಬೇಸಿಗೆಯಲ್ಲೇ ಪತ್ರ ಕೊಟ್ಟಿಡಿ.

ಮೊಳಕೆ ಪರೀಕ್ಷೆ ಎರಡಕ್ಕೂ ಮಾಡಿ. ಒದ್ದೆ ಗೋಣಿ ಅಥವಾ ಹತ್ತಿ ಬಟ್ಟೆಯ ಮೇಲೆ 100 ಕಾಳು ಎಣಿಸಿ ಹಾಕಿ ಸುತ್ತಿಟ್ಟು, ಆರಲು ಬಿಡದೆ ವಾರದೊಳಗೆ ಎಣಿಸಿ. ರಾಗಿಗೆ ಕನಿಷ್ಠ ಮಾನದಂಡ ಶೇ 75. ಒಂದು 92, ಇನ್ನೊಂದು 78 ಬಂದ್ರೆ ಕಮ್ಮಿ ಬಂದದ್ದಕ್ಕೆ ಅಷ್ಟು ಬೀಜ ಸೇರಿಸಿ. ಕೂರಿಗೆ ಬಿತ್ತನೆಗೆ ಎಕರೆಗೆ 4 ಕೆಜಿ, ಅಂದ್ರೆ 10 ಗುಂಟೆಗೆ ಒಂದೇ ಕೆಜಿ. ರಾಗಿ ಸಣ್ಣ ಕಾಳು, ಕೈಯಲ್ಲಿ ಒಂದೇ ಸಮ ಬೀಳಲ್ಲ. ಜರಡಿ ಹಿಡಿದ ಒಣ ಮರಳು ನಾಲ್ಕೈದು ಪಾಲು ಬೆರೆಸಿ ಬಿಡಿ. ಎರಡನೇ ತಳಿ ಹಾಕೋ ಮೊದಲು ಕೂರಿಗೆಯ ಬಟ್ಟಲು, ಕೊಳವೆ ಎಲ್ಲ ಕೊಡವಿ.

ಮುಂದಿನ ಹಂತದ ಲೆಕ್ಕ ಈಗಲೇ ಇಟ್ಕೊಳ್ಳಿ. ಒಂದು ಗುಂಟೆಯಲ್ಲಿ 20 ಕೆಜಿ ಬಂದ್ರೆ ಅದು 5 ಎಕರೆಗೆ ಬೀಜ. ರಾಗಿ ಸ್ವಪರಾಗಸ್ಪರ್ಶದ ಬೆಳೆ, ಬೀಜೋತ್ಪಾದನೆಗೆ ಬೇರೆ ರಾಗಿಯಿಂದ 3 ಮೀಟರ್ ದೂರ ಇದ್ರೆ ಸಾಕು. ಮೆಕ್ಕೆಜೋಳದ ಹೈಬ್ರಿಡ್ ಥರ ಪ್ರತಿ ವರ್ಷ ಅಂಗಡಿಗೆ ಹೋಗಬೇಕಾಗಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿ ಕೂಡಿಸಿ ಮಾಡಿದ ಇಂಡಾಫ್ ತಳಿಗಳಾಗಲಿ, ಆಮೇಲೆ ಬಂದ ಜಿಪಿಯು-28 ಆಗಲಿ ಕೈಯಿಂದ ಕೈಗೆ ಊರೂರು ದಾಟೋಕೆ ಆದದ್ದು ಇದೇ ಗುಣದಿಂದ. ಆದ್ರೆ ತೆನೆ ಬಂದಾಗ ಒಮ್ಮೆ, ಕೊಯ್ಲಿಗೆ ಮುಂಚೆ ಒಮ್ಮೆ ಹೊಲಕ್ಕಿಳಿದು ಬೇರೆ ಎತ್ತರದ, ಬೇರೆ ಥರ ತೆನೆ ಇರುವ ಗಿಡ ಕಿತ್ತುಹಾಕಬೇಕು.

ಕಾನೂನಿನ ಮಾತೂ ಒಂದಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತ ತಾನು ಬೆಳೆದ ಬೀಜವನ್ನ ಇಟ್ಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯಾದ್ರೆ ಬ್ರಾಂಡ್ ಹಾಕಿ ಮಾರೋ ಹಾಗಿಲ್ಲ. ಎಫ್‌ಪಿಒ ಹೆಸರಿನ ಚೀಲದಲ್ಲಿ ತುಂಬಿ ಅಂಗಡಿಯಲ್ಲಿಟ್ಟರೆ ಅದು ಬೀಜ ವ್ಯಾಪಾರ, 1983ರ ಬೀಜ ನಿಯಂತ್ರಣ ಆದೇಶದಡಿ ಪರವಾನಗಿ ಬೇಕು. ಮನೆಯಿಂದ ಮನೆಗೆ ಸೇರಿಗೆ ಸೇರು ಬದಲಾಯಿಸಿಕೊಂಡ್ರೆ ಯಾರೂ ಕೇಳಲ್ಲ.

---

ಅಕ್ಕಡಿ_ಮಧುಗಿರಿ:

ಗುಳಿ ಪದ್ಧತಿ ಜೊತೆಗೆ ಸೇರಿಸಬೇಡಿ ಅನ್ನೋದು ನನ್ನ ಅಭಿಪ್ರಾಯ. ತಳಿ ಬದಲು, ಅಂತರ ಬದಲು, ಗೊಬ್ಬರ ಬದಲು ಅಂದ್ರೆ ಇಳುವರಿ ಯಾವುದರಿಂದ ಬಂತು ಅಂತ ನಿಮಗೂ ಗೊತ್ತಾಗಲ್ಲ, ರೈತರಿಗೂ ಗೊತ್ತಾಗಲ್ಲ. ತೋರಿಸಲೇಬೇಕು ಅಂದ್ರೆ ಒಬ್ಬರ ಹೊಲದಲ್ಲಿ ಮಾತ್ರ ಒಂದು ಗುಂಟೆ, ಅದೂ ಜಿಪಿಯು-28ರಲ್ಲೇ ಮಾಡಿ.

ಆ ಒಂದು ಗುಂಟೆಯ ಲೆಕ್ಕ ಹೀಗಿದೆ. ಒಂದೂವರೆ ಅಡಿಗೆ ಒಂದೂವರೆ ಅಡಿ ಅಂದ್ರೆ ಗುಂಟೆಗೆ 484 ಗುಳಿ, ಎಕರೆಗೆ 19,360. ಗುಳಿಗೆ ಎರಡು ಪೈರು. ಪ್ರತಿ ಗುಳಿಗೂ ಒಂದು ಹಿಡಿ ಕಾಂಪೋಸ್ಟ್. 20ರಿಂದ 25 ದಿನದ ಪೈರು ನೆಡಬೇಕು, ಅದಕ್ಕಿಂತ ಬಲಿತ್ರೆ ತೆಂಡೆ (ಬುಡದಿಂದ ಬರೋ ಕವಲು) ಒಡೆಯೋದು ಕಮ್ಮಿ, ಕುಳ್ಳಗಿರುವಾಗಲೇ ತೆನೆ ಬರುತ್ತೆ. ನೆಟ್ಟು ಹದಿನೈದು ದಿನ ಆದ ಮೇಲೆ ಎಡೆಕುಂಟೆ, ಆಮೇಲೆ ಕೊರಡು (ಮರದ ದಿಮ್ಮಿ) ಎಳೆಯೋದು. ಕೊರಡು ಪೈರನ್ನ ಮಲಗಿಸುತ್ತೆ, ಗಿಡ ಎದ್ದು ಬುಡದಲ್ಲಿ ತೆಂಡೆ ಒಡೆಯುತ್ತೆ. ಹಾವೇರಿ ಕಡೆಯ ರೈತರು ಕಂಡುಕೊಂಡ ವಿಧಾನ ಇದು, ಅಲ್ಲಿ ಚೆನ್ನಾಗಿ ನಡೆಯುತ್ತೆ. ನಮ್ಮ ಕಡೆ ಕಷ್ಟ ಆಗೋದು ನಾಟಿ ದಿನ: ಒಟ್ಟಲು (ಸಸಿಮಡಿ) ಪೈರಿಗೆ 22 ದಿನ ಆದಾಗಲೇ ಮಳೆ ಬರಬೇಕು ಅಂತ ಯಾರು ಬರೆದುಕೊಟ್ಟಿದ್ದಾರೆ? ಬೋರ್ ಇರೋ ಆ ಇಬ್ಬರ ಹೊಲ ಇದಕ್ಕೆ ಬಳಸ್ಕೊಳ್ಳಿ. ಕೂಲಿಯನ್ನ ಗಂಟೆ ಲೆಕ್ಕದಲ್ಲಿ ಬರೆದಿಡಿ. ತೆಂಡೆ ಫೋಟೊ ಎಲ್ಲರೂ ಹಾಕ್ತಾರೆ, ಕೂಲಿ ಲೆಕ್ಕ ಯಾರೂ ಹಾಕಲ್ಲ.

ಇದಕ್ಕಿಂತ ಮುಖ್ಯವಾದದ್ದು ಅಕ್ಕಡಿ ಸಾಲು, ಅಂದ್ರೆ ರಾಗಿ ನಡುವೆ ಹಾಕೋ ಬೇರೆ ಬೆಳೆಯ ಸಾಲು. ಪ್ರಾತ್ಯಕ್ಷಿಕೆ ಅಂದ ಕೂಡಲೇ ರಾಗಿ ಒಂದನ್ನೇ ಬಿತ್ತಿಸ್ತಾರೆ, ನೋಡೋಕೆ ಚೆನ್ನಾಗಿರುತ್ತೆ ಅಂತ. ನಮ್ಮ ರೈತ ರಾಗಿ ಹೊಲದಿಂದ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ ಎಲ್ಲ ಲೆಕ್ಕ ಹಾಕ್ತಾನೆ. ಅಕ್ಕಡಿ ಇಲ್ಲದ ಹೊಲ ತೋರಿಸಿದ್ರೆ "ಹಂಗಾದ್ರೆ ಸಾರಿಗೇನು ಮಾಡೋದು" ಅಂತ ಕೇಳಿ ಮನೆಗೆ ಹೋಗ್ತಾನೆ. ಹೊಸ ತಳಿ ಎತ್ತರ ಬೆಳೆದು ಅವರೆಯನ್ನ ಮುಚ್ಚುತ್ತಾ, ಬೇಗ ಕೊಯ್ಲಾದ್ರೆ ತೊಗರಿ ನಿಲ್ಲುತ್ತಾ ಅನ್ನೋದೂ ತಳಿಯ ಗುಣವೇ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಎರಡೂ ಭಾಗದಲ್ಲಿ ಒಂದೇ ಥರ ಹಾಕಿ. ಇಲ್ಲಿ ಅಳತೆ ಚೌಕಟ್ಟು (ಇಳುವರಿ ತೂಗೋಕೆ ಪ್ರತಿ ತಳಿಯೊಳಗೆ ಗುರುತಿಸೋ ಒಂದು ಗುಂಟೆ, 33 ಅಡಿಗೆ 33 ಅಡಿ) ಮಾತ್ರ ಬದಲಾಗುತ್ತೆ. ಸಾಲಿಂದ ಸಾಲಿಗೆ ಒಂದಡಿ ಇದ್ರೆ ಒಂಬತ್ತು ಸಾಲಿಗೆ 9 ಅಡಿ. ಸಾಲುಗಳಿಗೆ ಅಡ್ಡಲಾಗಿ 27 ಅಡಿ, ಸಾಲುಗುಂಟ 40 ಅಡಿ 4 ಇಂಚು ಅಳೆದ್ರೆ ಸರಿಯಾಗಿ ಒಂದು ಗುಂಟೆ, ಅದರೊಳಗೆ 24 ಸಾಲು ರಾಗಿ, 3 ಸಾಲು ಅವರೆ. ಸುಮ್ಮನೆ 33ಕ್ಕೆ 33 ಅಳೆದ್ರೆ ಒಂದು ಕಡೆ ಮೂರು ಸಾಲು ಅವರೆ, ಇನ್ನೊಂದು ಕಡೆ ನಾಲ್ಕು ಬಂದು ರಾಗಿ ಲೆಕ್ಕ ತಪ್ಪುತ್ತೆ.

---

ಕೊರಟಗೆರೆ_ಎಫ್‌ಪಿಒ:

ಅಕ್ಕಡಿ ವಿಷಯ ಯೋಜನೆಯಲ್ಲಿ ಇರಲೇ ಇಲ್ಲ, ಸೇರಿಸ್ತೀವಿ. ಗುಳಿ ಆ ಇಬ್ಬರ ಹೊಲದಲ್ಲಿ ಒಂದೊಂದು ಗುಂಟೆ ಮಾತ್ರ, ಅವರ ಬದಲು ಮಳೆ ಹೊಲದ ಇನ್ನಿಬ್ಬರನ್ನ ಹತ್ತಕ್ಕೆ ತಗೋತೀವಿ. ಕೊಯ್ಲಿನ ದಿನ ಏನು ಮಾಡಬೇಕು ಅನ್ನೋದನ್ನ ಯಾರಾದ್ರೂ ಬಿಡಿಸಿ ಹೇಳ್ತೀರಾ? ನಮ್ಮಲ್ಲಿ ಕೆಲವರು ಯಂತ್ರದಲ್ಲಿ ಕೊಯ್ಸ್ತಾರೆ, ಕೆಲವರು ಕೈಯಲ್ಲಿ. ಒಕ್ಕಣೆ ರಸ್ತೆ ಮೇಲೆ. ಇನ್ನೊಂದು, ಹತ್ತರಲ್ಲಿ ಎಷ್ಟು ಹೊಲದಲ್ಲಿ ಹೊಸದು ಗೆದ್ದರೆ ಒಳ್ಳೇದು ಅಂತ ಹೇಳಬಹುದು?

---

ತಕ್ಕಡಿ:

ಚೌಕಟ್ಟಿನ ಜಾಗವನ್ನು ತೆನೆ ಬರುವ ಮೊದಲೇ ಗುರುತಿಸಿ, ನಾಲ್ಕು ಗೂಟ ಹೊಡೆದುಬಿಡಿ. ಕೊಯ್ಲಿನ ದಿನ ಗುರುತಿಸಿದರೆ ಕಣ್ಣು ತಾನಾಗಿ ತುಂಬಿದ ತೆನೆಯ ಕಡೆಗೇ ಹೋಗುತ್ತದೆ. ಬದುವಿನಿಂದ, ಎರಡು ತಳಿ ಸೇರುವ ಗೆರೆಯಿಂದ ಕನಿಷ್ಠ 3 ಅಡಿ ಒಳಗೆ ಇರಬೇಕು. ಅಂಚಿನ ಗಿಡಕ್ಕೆ ಬೆಳಕೂ ಜಾಗವೂ ಹೆಚ್ಚು ಸಿಕ್ಕಿ ತೆನೆ ದಪ್ಪವಾಗಿರುತ್ತದೆ, ಅದು ಸೇರಿದರೆ ಲೆಕ್ಕ ಉಬ್ಬುತ್ತದೆ. ಮೂಲೆ ಸರಿಯಾಗಿದೆಯೇ ಎಂದು ನೋಡಲು ಕರ್ಣ ಅಳೆಯಿರಿ. 33ಕ್ಕೆ 33 ಆದರೆ ಎರಡೂ ಕರ್ಣ 46 ಅಡಿ 8 ಇಂಚು, 27ಕ್ಕೆ 40 ಅಡಿ 4 ಇಂಚು ಆದರೆ 48 ಅಡಿ 6½ ಇಂಚು. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುತ್ತದೆ, ಟೇಪಿನಲ್ಲೇ ಅಳೆಯಿರಿ.

ಚೌಕಟ್ಟಿನೊಳಗಿನದ್ದನ್ನು ಎಲ್ಲರ ಹೊಲದಲ್ಲೂ ಕೈಯಲ್ಲೇ ಕೊಯ್ಯಿರಿ, ಒಂದೇ ಎತ್ತರದಲ್ಲಿ, ನೆಲಕ್ಕೆ ಹತ್ತಿರ. ಯಂತ್ರ ಉಳಿದ ಜಾಗಕ್ಕೆ ಬರಲಿ. ಯಂತ್ರ ಕೂಳೆ ಎತ್ತರ ಬಿಡುತ್ತದೆ, ಹುಲ್ಲಿನ ಲೆಕ್ಕ ಸಿಗುವುದಿಲ್ಲ. ಒಕ್ಕಣೆ ರಸ್ತೆಯ ಮೇಲೆ ಬೇಡ, ಒಂದು ತಾಡಪಾಲಿನ ಮೇಲೆ, ಮೊದಲು ಒಂದು ತಳಿ ಪೂರ್ತಿ ಮುಗಿಸಿ ತಾಡಪಾಲು ಕೊಡವಿ ಆಮೇಲೆ ಇನ್ನೊಂದು. ಚೀಟಿ ಎರಡು ಬರೆಯಿರಿ, ಒಂದು ಚೀಲದ ಒಳಗೆ, ಒಂದು ಹೊರಗೆ. ಹೊರಗಿನದ್ದು ಹರಿದುಹೋಗುವುದು ಮಾಮೂಲು. ಹತ್ತು ಹೊಲದ ಇಪ್ಪತ್ತು ಚೀಲ ಒಂದೇ ಗೋದಾಮಿನಲ್ಲಿ ಕೂತಾಗ ಚೀಟಿ ಇಲ್ಲದ ಚೀಲವನ್ನು ರಾಗಿಯ ಬಣ್ಣ ನೋಡಿ ಗುರುತಿಸಲು ಆಗುವುದಿಲ್ಲ.

ತೂಕಕ್ಕೆ ತೂಗುಹಾಕುವ 50 ಕೆಜಿಯ ಡಿಜಿಟಲ್ ತಕ್ಕಡಿ ಸಾಕು. ಆದರೆ ಗುಂಟೆಯಲ್ಲಿ ಒಂದು ಕೆಜಿ ತಪ್ಪಿದರೆ ಎಕರೆಗೆ 40 ಕೆಜಿ ತಪ್ಪುತ್ತದೆ. ಪ್ರತಿ ಸಲ ಮೊದಲು 5 ಕೆಜಿಯ ಮುದ್ರೆ ಇರುವ ತೂಕದ ಕಲ್ಲು ತೂಗಿ ನೋಡಿ. ತೇವಾಂಶ ಅಳೆಯುವ ಯಂತ್ರ ಖರೀದಿ ಕೇಂದ್ರದಲ್ಲೋ ಕೆವಿಕೆಯಲ್ಲೋ ಇರುತ್ತದೆ. ಎಲ್ಲವನ್ನೂ ಶೇ 12ಕ್ಕೆ ತನ್ನಿ: ತೂಕವನ್ನು, 100ರಲ್ಲಿ ತೇವಾಂಶ ಕಳೆದು ಬಂದದ್ದರಿಂದ ಗುಣಿಸಿ 88ರಿಂದ ಭಾಗಿಸಬೇಕು. ಉದಾಹರಣೆಗೆ 21.4 ಕೆಜಿ, ತೇವಾಂಶ 17 ಇದ್ದರೆ 21.4 × 83 ÷ 88 = 20.2 ಕೆಜಿ. ನಲವತ್ತರಿಂದ ಗುಣಿಸಿದರೆ ಎಕರೆಗೆ 8 ಕ್ವಿಂಟಲ್ ಮೇಲೆ ಸ್ವಲ್ಪ. ಈ ಒಂದು ಹೆಜ್ಜೆ ಬಿಟ್ಟರೆ ಎರಡು ದಿನ ತಡವಾಗಿ ಕೊಯ್ದ ತಳಿ ಸುಮ್ಮನೆ ಸೋಲುತ್ತದೆ.

ಹುಲ್ಲನ್ನು ನಾಲ್ಕೈದು ಬಿಸಿಲು ಒಣಗಿಸಿ ತೂಗಿ, ಮೆದೆಗೆ ಸೇರಿಸುವ ಮೊದಲು. ಸಂಶೋಧನಾ ವರದಿಗಳಲ್ಲಿ ಕಾಳಿನ ಕಾಲಂ ದಪ್ಪಕ್ಷರದಲ್ಲಿರುತ್ತದೆ, ಹುಲ್ಲಿನದ್ದು ಇದ್ದರೆ ಇತ್ತು. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಇದು ಉಲ್ಟಾ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಗುಂಟೆಗೆ ಹೊಸದು 20.2 ಕೆಜಿ ಕಾಳು, 38 ಕೆಜಿ ಹುಲ್ಲು. ಹಳೆಯದು 18.5 ಕೆಜಿ ಕಾಳು, 46 ಕೆಜಿ ಹುಲ್ಲು. ಎಕರೆಗೆ ಕಾಳು 68 ಕೆಜಿ ಹೆಚ್ಚು, 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿಯಂತೆ 3,322 ರೂಪಾಯಿ. ಹುಲ್ಲು 320 ಕೆಜಿ ಕಮ್ಮಿ, ಕೆಜಿಗೆ 5 ರೂಪಾಯಿ ಹಿಡಿದರೆ 1,600 ಹೋಯಿತು. ಉಳಿದದ್ದು 1,722. ಬರಗಾಲದಲ್ಲಿ ಹುಲ್ಲಿನ ಬೆಲೆ ಎರಡರಷ್ಟಾದರೆ ಆ ಲಾಭ ಬರೀ 122 ರೂಪಾಯಿಗೆ ಇಳಿಯುತ್ತದೆ. ನಿಮ್ಮೂರಿನ ಬೆಲೆ ಹಾಕಿ ಇದೇ ಲೆಕ್ಕವನ್ನು ರೈತರ ಮುಂದಿಡಿ, ಕಾಳು ಒಂದನ್ನೇ ಅಲ್ಲ.

ಎಷ್ಟು ಗೆದ್ದರೆ ಗೆಲುವು? ಹತ್ತು ಸಲ ನಾಣ್ಯ ಚಿಮ್ಮಿದರೂ ಏಳು ಅಥವಾ ಹೆಚ್ಚು ಸಲ ಒಂದೇ ಆಯ್ದ ಮುಖ ಬೀಳುವ ಸಾಧ್ಯತೆ ಶೇ 17. ಎಂಟು ಅಥವಾ ಹೆಚ್ಚು ಬೀಳುವುದು ಶೇ 5.5. ಒಂಬತ್ತು ಅಥವಾ ಹೆಚ್ಚು ಶೇ 1ರ ಹತ್ತಿರ. ಅಂದರೆ ಹತ್ತರಲ್ಲಿ ಏಳು ಹೊಲ ಗೆದ್ದರೆ ಬಾಯಿ ಬಿಡಬೇಡಿ, ಅದು ಅದೃಷ್ಟವೂ ಆಗಿರಬಹುದು. ಎಂಟು ಗೆದ್ದರೆ "ಇನ್ನೊಂದು ವರ್ಷ ನೋಡೋಣ" ಅನ್ನಬಹುದು, ಒಂಬತ್ತು ಆದರೆ ಧೈರ್ಯವಾಗಿ ಹೇಳಬಹುದು. ಸರಾಸರಿ ಒಂದನ್ನೇ ಹೇಳಬೇಡಿ. ಒಬ್ಬರ ಹೊಲದಲ್ಲಿ ವಿಪರೀತ ಬಂದರೆ ಸರಾಸರಿ ಅದರ ಹಿಂದೆ ಓಡುತ್ತದೆ.

---

ಕೆಂಪುಮಣ್ಣು:

ತಕ್ಕಡಿಯವರ ಮಾತಿಗೆ ಒಂದು ಸೇರ್ಪಡೆ. ಎಂಎಲ್-365, ಜಿಪಿಯು-28 ಎರಡೂ ಹೆಚ್ಚುಕಮ್ಮಿ 110ರಿಂದ 115 ದಿನದವು, ಎರಡಕ್ಕೂ ಬೆಂಕಿ ರೋಗ ತಡೆಯೋ ಶಕ್ತಿ ಇದೆ. ಹೊಸದರ ಹೆಚ್ಚುಗಾರಿಕೆ ಕಾಣಬೇಕಾದ್ದು ಬರದಲ್ಲಿ. ಸೆಪ್ಟೆಂಬರ್-ಅಕ್ಟೋಬರ್ ಮಳೆ ಚೆನ್ನಾಗಿ ಹಿಡಿದ ವರ್ಷ ಎರಡೂ ಸಮ ಬಂದ್ರೆ "ಹೊಸದರಲ್ಲಿ ಏನೂ ಇಲ್ಲ" ಅಂತ ಬರೀಬೇಡಿ. ಮಳೆ ಲೆಕ್ಕ ಜೊತೆಗಿದ್ರೆ ಮಾತ್ರ ಫಲಿತಾಂಶಕ್ಕೆ ಅರ್ಥ. ಗ್ರಾಮ ಪಂಚಾಯಿತಿ ಮಟ್ಟದ ಮಳೆ ಮಾಹಿತಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತೆ, ಆದ್ರೂ ಹತ್ತರಲ್ಲಿ ಮೂರು ಹೊಲದಲ್ಲಾದ್ರೂ ಮಳೆಮಾಪಕ ಇಡಿ. ಒಂದೇ ಪಂಚಾಯಿತಿಯಲ್ಲಿ ಒಂದು ಊರಿಗೆ ಸುರಿದು ಪಕ್ಕದೂರಿಗೆ ಹನಿ ಇಲ್ಲದಿರೋದು ನಿಮಗೇ ಗೊತ್ತಲ್ಲ.

ಬೆಂಕಿ ರೋಗ ಎಣಿಸೋದು ಹೀಗೆ: ಹೊಲದ ಕರ್ಣದುದ್ದಕ್ಕೂ ನಡೀತಾ 100 ತೆನೆ ನೋಡಿ, ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾದವು ಎಷ್ಟು ಅಂತ ಬರೀರಿ. ತೆನೆ ಹೊರಡುವಾಗ ಮೋಡ, ಜಡಿಮಳೆ ಇದ್ದರೆ ಮಾತ್ರ ಇದು ಕಾಣುತ್ತೆ.

ಬಿತ್ತನೆ ಆಗಸ್ಟ್ ಕೊನೆಗೆ ಜಾರಿದ್ರೆ ಈ ಹೋಲಿಕೆಯನ್ನೇ ಕೈಬಿಟ್ಟು, ಜಿಪಿಯು-48 ಥರದ ಸುಮಾರು ನೂರು ದಿನದ ತಳಿ ಹಾಕಿಸಿ. ತಡವಾದ ವರ್ಷ ಎರಡೂ ಒಣಗಿದ್ರೆ ಯಾರಿಗೂ ಏನೂ ತಿಳಿಯಲ್ಲ.

---

ಬಾಗೇಪಲ್ಲಿ_ಕಣ:

ತಲುಪಿಸೋ ವಿಷಯಕ್ಕೆ ಬರ್ತೀನಿ. ಕ್ಷೇತ್ರೋತ್ಸವ ಎಲ್ಲರೂ ಮಾಡ್ತಾರೆ, ಶಾಮಿಯಾನ ಹಾಕಿ ಭಾಷಣ ಮುಗಿಯೋ ಹೊತ್ತಿಗೆ ಊಟದ ಸಮಯ, ಹೊಲಕ್ಕೆ ಇಳಿಯೋರು ಹತ್ತು ಜನ. ಶಾಮಿಯಾನವೇ ಬೇಡ. ಎರಡು ಸಲ ಕರೀರಿ. ಮೊದಲನೇದು ಬಿತ್ತಿ 45 ದಿನಕ್ಕೆ, ತೆಂಡೆ ಎಣಿಸೋಕೆ. ಎರಡನೇದು ಕೊಯ್ಲಿನ ದಿನವೇ, ಚೌಕಟ್ಟು ಕೊಯ್ದು ಜನರ ಮುಂದೆ ತೂಗೋಕೆ. ತಕ್ಕಡಿಯಲ್ಲಿ ಬಂದ ಸಂಖ್ಯೆಯನ್ನ ಅಲ್ಲಿದ್ದ ರೈತರೇ ಓದಿ ಹೇಳಬೇಕು, ಸಿಬ್ಬಂದಿಯಲ್ಲ. ಹೊತ್ತು ಬೆಳಗ್ಗೆ ಹತ್ತರ ಮೇಲೆ, ಮಧ್ಯಾಹ್ನ ಮೂರರೊಳಗೆ. ಡೇರಿ ಹೊತ್ತಿಗೆ ಕರೆದ್ರೆ ಹೆಂಗಸರು ಬರಲ್ಲ, ಕಳೆ ತೆಗೆಯೋರು, ಒಕ್ಕೋರು, ಮುದ್ದೆ ಕೂಡಿಸೋರು ಬರದ ಮೇಲೆ ತಳಿ ಬಗ್ಗೆ ಯಾರು ತೀರ್ಮಾನ ಮಾಡಬೇಕು?

ಹೊಲದ ಫಲಕದಲ್ಲಿ ಗಣ್ಯರ ಫೋಟೊ ಬೇಡ. ಬಿತ್ತಿದ ದಿನ, ಬೀಜ ಎಷ್ಟು, ಗೊಬ್ಬರ ಎಷ್ಟು ಯಾವಾಗ, ಇವತ್ತಿನವರೆಗೆ ಮಳೆ ಎಷ್ಟು, ಇಷ್ಟೇ. ಮಳೆಯ ಜಾಗದಲ್ಲಿ ಒಂದು ಸ್ಲೇಟು ಕಟ್ಟಿ, ಹೊಲದವರೇ ಬರೆದು ಅಳಿಸಲಿ.

ಮುದ್ದೆ ಪರೀಕ್ಷೆ ಮರೀಬೇಡಿ. ಎರಡೂ ತಳಿಯ ಎರಡೆರಡು ಕೆಜಿ, ಒಂದೇ ಗಿರಣಿಯಲ್ಲಿ, ಮೊದಲ ಅರ್ಧ ಕೆಜಿ ಹಿಟ್ಟು ಬೇರೆ ತೆಗೆದಿಟ್ಟು (ಹಿಂದಿನವರ ಹಿಟ್ಟು ಅದರಲ್ಲಿ ಬರುತ್ತೆ). ಒಂದೇ ಅಳತೆ ನೀರು, ಪಾತ್ರೆಗೆ 1, 2 ಅಂತ ಮಾತ್ರ ಗುರುತು. ಬಣ್ಣ, ಜಿಗಿ, ಸಂಜೆವರೆಗೆ ಗಟ್ಟಿಯಾಗುತ್ತಾ ಅಂತ ಕೇಳಿ. ತಳಿಯ ಹೆಸರು ಕೊನೆಗೆ ಹೇಳಿ.

ಭಾಷೆ. ಪಾವಗಡ, ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು ಕಡೆ ಮನೆ ಮಾತು ತೆಲುಗು ಇರೋ ಊರು ಬೇಕಾದಷ್ಟಿವೆ. ಶಾಲೆಯಲ್ಲಿ ಕನ್ನಡ ಓದಿದೋರು ಕೂಡ ಹೊಲದ ಮಾತು ತೆಲುಗಲ್ಲೇ ಆಡ್ತಾರೆ. ನಿಮ್ಮ ಕೊರಟಗೆರೆಯ ಉತ್ತರದ ಊರುಗಳಿಗೂ ಇದು ಬೇಕಾಗಬಹುದು. ಕರಪತ್ರ ಕನ್ನಡದಲ್ಲಿರಲಿ, ಧ್ವನಿ ಸಂದೇಶ ಎರಡೂ ಭಾಷೆಯಲ್ಲಿ ಮಾಡಿ. ಕೇಳಿಸೋ ಮಾಧ್ಯಮ ಹಳ್ಳಿಗೆ ಹತ್ತಿರ ಅನ್ನೋದು ಹೊಸ ಮಾತಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ನಡೆಸ್ತಿದ್ದೋರು ಸಮುದಾಯ ಬಾನುಲಿಗೆ ಪರವಾನಗಿ ಸಿಗದ ಕಾಲದಲ್ಲಿ ಟಿವಿ ಕೇಬಲ್ಲಿನಲ್ಲೇ ಧ್ವನಿ ಕಳಿಸಿ ಮನೆಮನೆಗೆ ಕೇಳಿಸಿದ್ರು. ಸಂಘ ಸಂಸ್ಥೆಗಳಿಗೆ ಪರವಾನಗಿ ಕೊಡೋ ನೀತಿ ಬಂದದ್ದು 2006ರಲ್ಲಿ.

ವಿಡಿಯೊ ಮಾಡೋದಾದ್ರೆ ಮೂರು ನಿಮಿಷ ಮೀರಬಾರದು. ಹೊಲದವರೇ ಮಾತಾಡ್ಲಿ, ಮೊದಲ ವಾಕ್ಯದಲ್ಲೇ ಊರು, ಬಿತ್ತಿದ ತಿಂಗಳು, ನೀರಾವರಿಯೋ ಮಳೆಯೋ ಅನ್ನೋದು ಬರಲಿ. ಇದಿಲ್ಲದ ವಿಡಿಯೊ ಮುಂದಿನ ವರ್ಷ ಬೇರೆ ಜಿಲ್ಲೆಯಲ್ಲಿ ತಿರುಗಿ ಯಾರೋ ನೀರಾವರಿ ಲೆಕ್ಕ ಅಂದ್ಕೊಂಡು ಬಿತ್ತಿಬಿಡ್ತಾರೆ. ಗುಂಪಿಗೆ ಹಾಕಿ ಕೂರಬೇಡಿ. ಸ್ವಸಹಾಯ ಸಂಘದ ಸಭೆಯಲ್ಲಿ ಹತ್ತು ಹದಿನೈದು ಜನರ ಮುಂದೆ ತೋರಿಸಿ, ಮಧ್ಯದಲ್ಲಿ ನಿಲ್ಲಿಸಿ "ಇಲ್ಲಿ ಯೂರಿಯಾ ಈಗ ಯಾಕೆ ಹಾಕಿದ್ರು" ಅಂತ ಕೇಳಿ. ಆಮೇಲೆ ಬಿತ್ತೋಕೆ ಮನಸ್ಸು ಮಾಡಿದವರ ಹೆಸರು ಬರ್ಕೊಳ್ಳಿ. ಅವರಿಗೆ 100 ಗ್ರಾಂ ಬೀಜದ ಪೊಟ್ಟಣ, ಅಂದ್ರೆ ಒಂದು ಗುಂಟೆಗೆ ಆಗೋಷ್ಟು. ಒಂದು ಕೆಜಿ ಪುಕ್ಕಟೆ ಕೊಟ್ಟರೆ ಕೋಳಿಗೆ ಹೋಗುತ್ತೆ, 100 ಗ್ರಾಂ ಆದ್ರೆ ಕುತೂಹಲಕ್ಕಾದ್ರೂ ಹೊಲದ ಮೂಲೆಗೆ ಹಾಕ್ತಾರೆ.

ಸೋತ ಹೊಲವನ್ನೂ ತೋರಿಸಿ. ಹತ್ತರಲ್ಲಿ ಎರಡು ಸೋತಿವೆ, ಅವು ಮರಳು ಮಣ್ಣಿನ ಮೇಲಿನ ತಾಕುಗಳು ಅಂತ ಹೇಳಿದ್ರೆ ಅಂಥದ್ದೇ ಹೊಲ ಇರೋನು ದುಡ್ಡು ಉಳಿಸ್ಕೊಳ್ತಾನೆ, ಉಳಿದೋರು ನಿಮ್ಮ ಎಂಟನ್ನ ನಂಬ್ತಾರೆ.

---

ಕೊರಟಗೆರೆ_ಎಫ್‌ಪಿಒ:

ಎಲ್ಲರಿಗೂ ವಂದನೆ. 100 ಗ್ರಾಂ ಪೊಟ್ಟಣ ಒಪ್ಪಿಗೆ ಆಯ್ತು. ಕೊನೇ ಪ್ರಶ್ನೆ: ಬೀಜ ಇಟ್ಕೊಳ್ಳೋಕೆ ಕೊಯ್ಲಾದ ಚೌಕಟ್ಟಿನ ರಾಗಿ ಬಳಸಬಹುದಾ, ಬೇರೆ ಜಾಗದ್ದು ಬೇಕಾ?

---

ಬಿತ್ತನೆ_ಚೀಲ:

ಚೌಕಟ್ಟಿನದ್ದು ಬೇಡ ಸಾರ್, ಅದನ್ನ ಹತ್ತು ಕೈ ಮುಟ್ಟಿರುತ್ತೆ, ತೂಕದ ಚೀಲ ಬದಲಾಗಿರುತ್ತೆ. ಹೊಸ ತಳಿಯ 10 ಗುಂಟೆಯಲ್ಲಿ ಜಿಪಿಯು-28 ಸೇರೋ ಗೆರೆಯಿಂದ 10 ಅಡಿಯಾದ್ರೂ ದೂರ ಬಿಟ್ಟು, ಕಲಬೆರಕೆ ಗಿಡ ಕಿತ್ತ ಎರಡು ಗುಂಟೆ ಗುರುತಿಸಿ ಕೈಯಲ್ಲಿ ಕೊಯ್ಸಿ. ಅದನ್ನ ಯಂತ್ರಕ್ಕೆ ಹಾಕದೆ ಕೋಲಲ್ಲಿ ಬಡಿದು, ತೇವಾಂಶ 12ಕ್ಕೆ ಇಳಿಯೋ ತನಕ ಒಣಗಿಸಿ, ಹೊಸ ಗೋಣಿಚೀಲದಲ್ಲಿ ತುಂಬಿ, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ. ಹಳೇ ಚೀಲದ ಹೊಲಿಗೆಯಲ್ಲಿ ಸಿಕ್ಕಿಕೊಂಡ ಕಾಳು ಕಣ್ಣಿಗೆ ಬೀಳಲ್ಲ. ರಾಗಿಗೆ ಹುಳ ಹಿಡಿಯೋದು ಅಪರೂಪ, ಭಯ ಇರೋದು ತೇವದ್ದು ಮತ್ತು ಇಲಿಯದ್ದು. ಏಪ್ರಿಲಲ್ಲಿ ಇನ್ನೊಮ್ಮೆ ಮೊಳಕೆ ನೋಡಿ ಪೊಟ್ಟಣ ಕಟ್ಟಿ.